ಮಾಸ್ತರರ ಮುಚ್ಚಿದ ಬುಟ್ಟಿ

ಒಂದು ಬಿದಿರಿನ ಬುಟ್ಟಿ, ಅದರ ಮೇಲೆ ಹೊದಿಸಿದ ಹಳೇ ಪಂಜೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಮಾಸ್ತರರು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ನಾವು ಪಾಟಿ ಕೆಳಗಿಟ್ಟು ಮುಂದೆ ಮುಂದೆ ಸರಿದು ಕೂಡುತ್ತಿದ್ದೆವು. ಹಾನಗಲ್ಲಿನ ಕನ್ನಡ ಸಾಲೆ. ನನ್ನ ತಂದೆಯ ಊರು ಶಿಗ್ಗಾವಿ ಕಡೆಯ ಹಿರೇಬೆಂಡಿಗೇರಿ. ಅಲ್ಲಿ ಹೆಣ್ಣುಮಕ್ಕಳು ಕಲಿಯಲು ಅನುಕೂಲ ಇರಲಿಲ್ಲವೆಂದು ನನ್ನನ್ನು ಹಾನಗಲ್ಲಿನ ಆಯಿಯ, ಅಂದರೆ ಅಜ್ಜಿಯ, ಮನೆಯಲ್ಲಿ ಬಿಟ್ಟಿದ್ದರು. ಮುಂದೆ ಬೆಳಗಾವಿಯ ಕಾನ್ವೆಂಟು, ಸಿಸ್ಟರುಗಳು, ಪಿಯಾನೋ, ಪೊಯೆಟ್ರಿ ಎಲ್ಲಾ ಬಂತು. ಆದರೆ ನನಗೆ ಮೊದಲು ಕಲಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ಈಗಲೂ ಕಣ್ಣ ಮುಂದೆ ಬರುವುದು ಆ ಬುಟ್ಟಿಯೇ.

ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಸುಮ್ಮನೆ ಗೋಡೆಗೆ ಆತು ನಿಲ್ಲುವರು. ಒಳಗಿನಿಂದ ಪರಪರ ಸಪ್ಪಳ ಬರುವುದು.

"ಏನು ಕೇಳಿಸ್ತು?"

"ಕೋಳಿ ರೀ!"

"ಕೋಳಿ ಕೇಳಿಸ್ತೇನೋ ನಿನಗ? ಕೋಳಿ ಹೆಂಗ ಕೇಳಿಸ್ತೈತಿ?"

"ಪರಪರ ಅಂತ್ರಿ."

"ಹಾಂ. ಪರಪರ ಅಂದದ್ದು ಬುಟ್ಟಿ. ಕೋಳಿ ಅಂದಾಂವ ನೀನು."

ಪಂಜೆ ತೆಗೆದರೆ ಒಳಗೆ ಒಣಗಿದ ಬಾಳೆ ಎಲೆ. ಅದಕ್ಕೊಂದು ದಾರ, ಆ ದಾರದ ತುದಿ ಮಾಸ್ತರರ ಕಾಲಿನ ಹೆಬ್ಬೆರಳಿಗೆ! ನಾವು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಅವರು ಮಾತ್ರ ನಗದೆ, ಬೆರಳಿನಿಂದ ದಾರ ಬಿಚ್ಚುತ್ತ ಹೇಳುವರು: "ಕೇಳಿದ್ದು ಬ್ಯಾರೆ, ತಿಳಕೊಂಡದ್ದು ಬ್ಯಾರೆ. ಮೊದಲು ಕೇಳಿದ್ದು ಹೇಳ್ರಿ. ತಿಳಕೊಂಡದ್ದು ಆಮ್ಯಾಲೆ."

ಆಬ್ಜೆಕ್ಟ್ ಲೆಸನ್ ಅಂತ ಅದಕ್ಕೊಂದು ಹೆಸರಿತ್ತಂತೆ. ನಮಗದು ಬುಟ್ಟಿ ಆಟ.

ಮಾಸ್ತರರು ಸಣ್ಣ ಆಳು. ಖಾದಿ ಅಂಗಿ, ಖಾದಿ ಟೊಪ್ಪಿಗೆ. ಕೈಯಲ್ಲಿ ಯಾವಾಗಲೂ ತಕಲಿ. ನಾವು ಲೆಕ್ಕ ಮಾಡುತ್ತಿದ್ದರೆ ಅವರು ಕಿಟಕಿಯ ಹತ್ತಿರ ನಿಂತು ನೂಲು ತೆಗೆಯುವರು. ಯಾರಾದರೂ ಸರಿಯಾದ ಉತ್ತರ ಕೊಟ್ಟರೆ ಶಾಬಾಸ್ ಅನ್ನುವ ರೂಢಿ ಅವರಿಗಿರಲಿಲ್ಲ. ಕಣ್ಣು ಮುಚ್ಚಿ, "ಹೂಂ… ಮುಂದ?" ಅನ್ನುವರು. ಆ 'ಮುಂದ' ಎಷ್ಟು ಹಿತವಾಗಿತ್ತು ಅಂತೀರಿ! ಇದರ ಮುಂದೆಯೂ ನನಗೆ ಗೊತ್ತಿರುವುದು ಇನ್ನೂ ಏನೋ ಇದೆ, ಅದನ್ನೂ ಈ ಮನುಷ್ಯ ಕೇಳಲು ತಯಾರಿದ್ದಾರೆ ಅನ್ನಿಸುತ್ತಿತ್ತು. ಆಮೇಲೆ ನನಗೆ ಕಲಿಸಿದ ಯಾರೂ ಹಾಗೆ ಕಣ್ಣು ಮುಚ್ಚಿ ನನ್ನ ಮಾತು ಕೇಳಲಿಲ್ಲ. ಐ ಮೀನ್ ಇಟ್.

ಹೋದ ತಿಂಗಳು ಇಬ್ಬರು ಹುಡುಗರು ಮನೆಗೆ ಬಂದಿದ್ದರು. ನಮ್ಮ ಭಾಗದ ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಒಂದು ಸ್ಮರಣ ಸಂಚಿಕೆ ತರುತ್ತಾರಂತೆ. ಸೋ ವೆಲ್ ಮ್ಯಾನರ್ಡ್, ಚಪ್ಪಲಿ ಹೊರಗೆ ಬಿಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದರು. "ಆಯಿ, ನೀವು ಮಾಸ್ತರರ ಸ್ಟೂಡೆಂಟಂತಲ್ರಿ. ಭೂಗತ ಇದ್ದಾಗ ನಿಮ್ಮ ಮನ್ಯಾಗೂ ಇದ್ರಂತ. ಅವರ ಹೋರಾಟದ ಮ್ಯಾಲೆ ನಾಕು ಮಾತು ಬರದು ಕೊಡ್ರಿ" ಎಂದರು. ಆಗಲಿ ಎಂದೆ. ಚಹಾ ಕೊಟ್ಟೆ. ಮಾಸ್ತರರು ಯಾವ ಹೋರಾಟದಲ್ಲೂ ಇರಲಿಲ್ಲ. ಅದನ್ನು ಕಣ್ಣಾರೆ ಕಂಡವರ ಪೈಕಿ ಉಳಿದಿರುವವಳು ನಾನೊಬ್ಬಳೇ. ಹಾಗಂತ ಅವರು ಕಡಿಮೆಯ ಮನುಷ್ಯ ಅಂತಲ್ಲ. ಅವರ ಹೋರಾಟ ಬೇರೆಯದು. ಅದಕ್ಕೆ ಯಾರೂ ಹಾರ ಹಾಕುವುದಿಲ್ಲ.

ನಲವತ್ತೆರಡರ ಬೇಸಿಗೆ ಹೋಗಿ ಮಳೆಗಾಲ ಬಂದಾಗ ಚಲೇಜಾವ್ ಚಳವಳಿ ಸುರುವಾಗಿತ್ತು. ನಮ್ಮ ಕಡೆ ಹಳ್ಳಿ ಹಳ್ಳಿಗಳಲ್ಲಿ ಅದರ ಕಾವು. ಟಪಾಲಿನ ಚೀಲ ಹೋದವು, ಚಾವಡಿಯ ಕಾಗದ ಸುಟ್ಟವು, ಪೊಲೀಸರು ಮನೆ ಮನೆ ಹೊಕ್ಕು ಹುಡುಕಿದರು. ನಾನು ರಜೆಗೆಂದು ಹಿರೇಬೆಂಡಿಗೇರಿಗೆ ಬಂದಾಗ ನಮ್ಮ ಮನೆಯಲ್ಲಿ ಹೊಸ ಪದ್ಧತಿಯೊಂದು ನಡೆದಿತ್ತು. ಹಿತ್ತಲ ಬಾಗಿಲಿಂದ ಯಾರೋ ಬರುವರು. ಅವ್ವ ಅವರ ಮುಂದೆ ರೊಟ್ಟಿಯ ತಾಟು ಇಡುವಳು. ಹೆಸರು ಕೇಳಬಾರದು, ಎಲ್ಲಿಂದ ಬಂದಿರಿ ಅನ್ನಬಾರದು, ಏನು ಕೆಲಸ ಅನ್ನಬಾರದು. "ಕೇಳಿದ್ರ ಗೊತ್ತಾಗತೈತಿ, ಗೊತ್ತಿದ್ರ ಬಡತ ತಿಂದಾಗ ಬಾಯಿಗೆ ಬರತೈತಿ" ಎಂದು ಅಪ್ಪ ನಮಗೆಲ್ಲ ತಾಕೀತು ಮಾಡಿದ್ದರು. ನಮ್ಮ ಮನೆಯಷ್ಟೇ ಅಲ್ಲ, ಆಸರೆ ಕೊಡುತ್ತಿದ್ದ ಎಲ್ಲ ಮನೆಗಳ ಕಾಯಿದೆ ಅದು.

ಒಬ್ಬರು ನನಗೆ ಚೆನ್ನಾಗಿ ನೆನಪಿದ್ದಾರೆ. ಕೊಟ್ಟಿಗೆಯಲ್ಲಿ ಅಡಗಿ ಕೂತು ಎಂಥಾ ಗೊರಕೆ ಹೊಡೆಯುತ್ತಿದ್ದರೆಂದರೆ ಎಮ್ಮೆ ಬೆದರಿ ಹಾಲು ಬಿಡುತ್ತಿರಲಿಲ್ಲ. "ಅವ್ವಾರ, ನಿಮ್ಮ ಪುಂಡಿಪಲ್ಯೆದ ವಾಸನಿ ಫೌಜದಾರಗ ಹೋತಂದ್ರ ನಾ ಸಿಕ್ಕಂಗ ನೋಡ್ರಿ" ಎಂದು ನಗುವರು. "ನಿನ್ನ ಗೊರಕಿ ಮೊದಲ ಹೋಗಿರತೈತಿ ಬಿಡಪಾ" ಎಂದು ಅವ್ವನೂ ಬಿಡುತ್ತಿರಲಿಲ್ಲ. ಬಾಗಿಲಿಗೆ ಅಗಳಿ ಬಿತ್ತೆಂದರೆ ಆ ಮನುಷ್ಯನ ಮೈ ಸಡಿಲಾಗುತ್ತಿತ್ತು. ಈ ಮಾತನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಜವಾಗಿ ಪೊಲೀಸರು ಬೆನ್ನು ಹತ್ತಿದವರನ್ನು ನಾನು ಕಂಡಿದ್ದೆ. ಅವರು ಅಂಜುತ್ತಿದ್ದರು. ಅಂಜಿಕೆ ಮುಗಿದಾಗ ಮಲಗುತ್ತಿದ್ದರು.

ಹಾಗೆ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಮಾಸ್ತರರು ನಿಂತಿದ್ದರು. ಗಡ್ಡ ಬೆಳೆದಿತ್ತು. ಟೊಪ್ಪಿಗೆ ಇರಲಿಲ್ಲ. "ಗೌಡ್ರ, ಹಿಂದ ಬಂದಾರ" ಎಂದಷ್ಟೇ ಅಂದರು.

ಅಪ್ಪ ಒಂದು ಮಾತು ಕೇಳಲಿಲ್ಲ. ಕಾಯಿದೆ! ಕೈ ಹಿಡಿದು ಒಳಗೆ ಕರೆದುಕೊಂಡರು. ಅಪ್ಪನ ಕಣ್ಣಲ್ಲಿ ನೀರಿತ್ತು. ಇಷ್ಟು ಸೌಮ್ಯ ಮನುಷ್ಯ, ಪಾಟಿ ಒಡೆದ ಹುಡುಗನಿಗೂ ಬಡಿಯದವರು, ದೇಶಕ್ಕಾಗಿ ಮನೆ ಮಠ ಬಿಟ್ಟು ಹೊರಟಿದ್ದಾರಲ್ಲ ಅಂತ. ಖಾದಿ ಇತ್ತು, ತಕಲಿ ಇತ್ತು, ಅಂಜಿಕೆ ಇತ್ತು. ಮತ್ತೇನು ಬೇಕು? ನಮ್ಮ ಮನೆಗೆ ಬರುವ ಮೊದಲು ಬೇರೆ ಊರುಗಳಲ್ಲೂ ಅವರಿಗೆ ಆಸರೆ ಸಿಕ್ಕಿತ್ತಂತೆ. ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸುವಾಗ ಮಾತೂ ಬೆಳೆಯುತ್ತ ಬಂದಿತ್ತು. "ಭಾಳ ದೊಡ್ಡ ಕೆಲಸದಾಗ ಅದಾರಂತ." ಯಾವ ಕೆಲಸ? "ಕೇಳೂಹಂಗಿಲ್ಲ." ಮಾಸ್ತರರನ್ನು ಕೇಳಿದ್ದರೂ ಅವರು ಅದನ್ನೇ ಅನ್ನುತ್ತಿದ್ದರು: "ಅದನ್ನ ಹೇಳೂಹಂಗಿಲ್ಲ." ಕೇಳದ ಮನೆಗಳು, ಹೇಳದ ಮನುಷ್ಯ. ಪೂರ್ ಮ್ಯಾನ್, ಅವರ ಬೇನೆಗೆ ಇದಕ್ಕಿಂತ ಒಳ್ಳೆಯ ಮರೆ ಇನ್ನೆಲ್ಲಿ ಸಿಗುತ್ತಿತ್ತು?

ಅವರು ಮಲಗುತ್ತಿರಲಿಲ್ಲ. ಬಾಗಿಲಿಗೆ ಅಗಳಿ ಹಾಕಿದರೆ ಅಂಜಿಕೆ ಇಳಿಯುವ ಬದಲು ಏರುತ್ತಿತ್ತು. ನಮ್ಮ ಬಾವಿಯ ಗಡಗಡಿ ನೀರು ಸೇದುವಾಗ ಕಿರ್ ಎನ್ನುತ್ತಿತ್ತು, ಎಲ್ಲರ ಮನೆಯ ಗಡಗಡಿಯ ಹಾಗೆ. ಆ ಸಪ್ಪಳ ಬಂದಾಗಲೆಲ್ಲ ಮಾಸ್ತರರು ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವರು. "ಕೊಟ್ರು ಸುದ್ದಿ" ಎನ್ನುವರು. ಯಾರು ಕೊಟ್ಟರು, ಯಾರಿಗೆ ಕೊಟ್ಟರು? "ಗಡಗಡಿ ಎಣ್ಣಿ ಹಚ್ಚದ ಬಿಟ್ಟಾರಲ್ಲ, ಯಾಕ ಅಂತ ತಿಳಕೊಂಡಿ? ನಾ ಇಲ್ಲೇ ಅದೇನಿ ಅಂತ ಹೇಳಾಕ." ಅಪ್ಪ ಅವತ್ತೇ ಗಡಗಡಿಗೆ ಎಣ್ಣೆ ಹಾಕಿಸಿದರು. ಸಪ್ಪಳ ನಿಂತಿತು. ಮಾಸ್ತರರು ಇನ್ನೂ ಕಂಗಾಲಾದರು. "ನೋಡಿದ್ರೇನು? ನನಗ ಗೊತ್ತಾತು ಅಂತ ಅವರಿಗೂ ಗೊತ್ತಾತು."

ಇದು ಒಂದು ಥರ. ಇನ್ನೊಂದು ಥರದ್ದನ್ನು ಮೊದಲು ಕಂಡವಳು ನಾನು. ಊಟದ ನಡುವೆ ತುತ್ತು ಹಿಡಿದ ಕೈ ನಿಂತುಬಿಡುವುದು. ತಲೆ ಒಂದು ಕಡೆ ವಾಲುವುದು, ಥೇಟ್ ನಾವು ಉತ್ತರ ಹೇಳುವಾಗ ವಾಲುತ್ತಿದ್ದ ಹಾಗೆ. ಆದರೆ ಆಗ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಗಡಗಡಿಯೂ ಇಲ್ಲ, ಕಾಗೆಯೂ ಇಲ್ಲ.

ನನಗೆ ಆಗ ಹನ್ನೆರಡೋ ಹದಿಮೂರೋ. ಹೆಸರು ಕೇಳಬಾರದೆಂಬ ಕಾಯಿದೆ ಇತ್ತೇ ವಿನಾ ಬುಟ್ಟಿ ಆಟ ಆಡಬಾರದೆಂದು ಯಾರೂ ಹೇಳಿರಲಿಲ್ಲ. ಪಡಸಾಲೆಯಲ್ಲಿ ಅವರ ಎದುರಿಗೆ ಕೂತು ಕೇಳಿದೆ: "ಮಾಸ್ತರ, ಏನು ಕೇಳಿಸ್ತ್ರಿ? ತಿಳಕೊಂಡದ್ದು ಬ್ಯಾಡ. ಕೇಳಿದ್ದಷ್ಟ ಹೇಳ್ರಿ."

ಅವರ ಮುಖದಲ್ಲಿ ಹಳೆಯ ಮಾಸ್ತರರು ಒಂದು ಗಳಿಗೆ ಬಂದು ನಿಂತರು. ತಮ್ಮ ಪಾಠ ತಮಗೇ ತಿರುಗಿ ಬಂದದ್ದಕ್ಕೆ ಸಣ್ಣ ನಗೆ ಕೂಡ.

"ಇಬ್ಬರು ಮಾತಾಡಾಕತ್ತಾರ ತಂಗಿ. ಗಂಡಸರು. ಒಬ್ಬಾಂವ ನಾ ಮಾಡೂದನ್ನೆಲ್ಲಾ ಹೇಳ್ತಾನ. 'ಈಗ ರೊಟ್ಟಿ ಮುರದ. ಈಗ ನೀರ ಕುಡದ. ಈಗ ಹುಡುಗಿ ಕಡೆ ನೋಡಿದ.' ಇನ್ನೊಬ್ಬಾಂವ ನಗತಾನ." ಆಮೇಲೆ ತೀರಾ ಸಣ್ಣ ದನಿಯಲ್ಲಿ, "ನಿನಗ ಕೇಳಸೂದಿಲ್ಲೇನು?" ಎಂದರು.

"ಇಲ್ರಿ ಮಾಸ್ತರ."

"ಒಂದಿಷ್ಟೂ?"

"ಇಲ್ರಿ."

ನನ್ನ ಕಿವಿಯ ಮೇಲೆ ಅವರಿಗೆ ನಂಬಿಕೆ ಇತ್ತು. ತರಗತಿಯಲ್ಲಿ ಬುಟ್ಟಿಯೊಳಗಿನ ಗೋಧಿಗೂ ಜೋಳಕ್ಕೂ ಸಪ್ಪಳದ ಮೇಲೇ ವ್ಯತ್ಯಾಸ ಹೇಳುತ್ತಿದ್ದವಳು ನಾನೊಬ್ಬಳೇ. ಅವರು ನನ್ನನ್ನೇ ನೋಡುತ್ತ ಕೂತರು. ಕಣ್ಣು ತುಂಬಿ ಬಂದವು. ಆ ಧ್ವನಿ ಹೊರಗಿನದಲ್ಲ, ತಮ್ಮೊಬ್ಬರದೇ ಎಂಬುದು ಅವರಿಗೆ ಆಗ ಹೊಳೆದಿತ್ತು. ನಾನು ಪ್ರಮಾಣ ಮಾಡಿ ಹೇಳುತ್ತೇನೆ, ಹೊಳೆದಿತ್ತು. ಆದರೆ ಮರುಗಳಿಗೆಗೆ ಮುಖ ಬಿಗಿಯಿತು.

"ಹಂಗಾರ ನನಗೊಬ್ಬಗ ಕೇಳೂಹಂಗ ಮಾಡ್ಯಾರ. ಭಾಳ ಶಾಣ್ಯಾ ಅದಾರ."

ಆ ವಾರವೇ ಅವರ ಹೆಂಡತಿ ಗಂಗಕ್ಕ ಹಾನಗಲ್ಲಿನಿಂದ ಅವರನ್ನು ಹುಡುಕುತ್ತ ಬಂದಳು. ಎಷ್ಟೋ ದೂರ ನಡೆದೇ ಬಂದಿದ್ದಳು. ಕಾಲು ಒಡೆದಿದ್ದವು. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ವೀರನ ಹೆಂಡತಿ ಅಂತ ಉಡಿ ತುಂಬಲು ನಿಂತರು. ಆಕೆ ಕೈ ಅಡ್ಡ ಹಿಡಿದಳು. ಎಲ್ಲರೂ ಹೋದ ಮೇಲೆ ಅವ್ವನ ಮುಂದೆ ಕುಸಿದು ಕೂತಳು.

"ಅವ್ವಾರ, ಇವರು ಯಾವ ಚಳವಳ್ಯಾಗೂ ಇಲ್ರೀ. ಚಳವಳಿ ಸುರು ಆಗೂಕಿನ ಮೊದಲಿಂದ ಹಿಂಗ ಅದಾರ. ಸಾಲ್ಯಾಗ ಹುಡುಗರು ಪಾಟಿ ಮ್ಯಾಲೆ ಬರಿಯೂ ಸಪ್ಪಳ ಕೇಳಿದ್ರ ನನ್ನ ಸುದ್ದಿ ಬರ್ಯಾಕತ್ತಾರ ಅಂತಿದ್ರು. ಮನಿಗೆ ಬಂದು ಕೂತ್ರು. ಆವಾಗ ಊರಾನ ಮಂದಿ ಹುಚ್ಚ ಅಂದ್ರು, ಕಲ್ಲ ಒಗದ್ರು. ಈಗ ಅದ ಮಂದಿ ಕೈ ಮುಗೀತಾರ. ನನಗ ಕಲ್ಲೂ ಬ್ಯಾಡ್ರಿ, ಹಾರಾನೂ ಬ್ಯಾಡ್ರಿ. ನನ್ನ ಗಂಡ ಒಂದ ದಿನ ಕಣ್ಣ ತುಂಬ ನಿದ್ದಿ ಮಾಡೂಹಂಗ ಮಾಡ್ರಿ."

ಅವ್ವ ತನ್ನ ತಮ್ಮನಿಗೆ ಹೇಳಿ ಕಳಿಸಿದಳು. ನಮ್ಮ ಸೋದರಮಾವ ಹುಬ್ಬಳ್ಳಿಯಲ್ಲಿ ಡಾಕ್ಟರು, ಮುಂಬಯಿಯಲ್ಲಿ ಕಲಿತವನು. ಬಂದು ಮಾಸ್ತರರ ಜೊತೆ ಸಾವಕಾಶ ಮಾತಾಡಿದ. ಆಮೇಲೆ ಅವನಿಗೂ ಅಪ್ಪನಿಗೂ ಪಡಸಾಲೆಯಲ್ಲಿ ನಡೆದ ವಾದವನ್ನು ನಾನು ಕಂಬಕ್ಕೆ ಆತು ಕೂತು ಕೇಳಿದೆ.

"ಭಾವಾರ, ಇದರಾಗ ಎರಡು ಬ್ಯಾರೆ ಬ್ಯಾರೆ ಅದಾವು ನೋಡ್ರಿ. ಇಲ್ಲದ್ದು ಕೇಳಸೂದು, ಇಲ್ಲದ್ದು ಕಾಣೂದು, ಅದು ಹ್ಯಾಲ್ಯೂಸಿನೇಷನ್. ಇವರಿಗೆ ಇಬ್ಬರ ಮಾತು ಕೇಳಸ್ತಾವಲ್ಲ, ಅದು. ಅಲ್ಲಿ ಸಪ್ಪಳನ ಇಲ್ಲ. ಇನ್ನ ಗಡಗಡಿ ವಿಷಯ ಹಂಗಲ್ಲ. ಗಡಗಡಿ ಕಿರ್ ಅಂದದ್ದು ಖರೇ, ನಿಮಗೂ ಕೇಳಿಸ್ತು. ಆದ್ರ ಅದು ನನ್ನ ಸುದ್ದಿ ಕೊಡಾಕತ್ತೈತಿ ಅನ್ನೂ ನಂಬಿಕಿ ಐತಲ್ಲ, ಅದು ಡಿಲ್ಯೂಷನ್. ಕಿವಿ ಸರಿ ಐತಿ, ನಂಬಿಕಿ ಗಂಟು ಬಿದ್ದೈತಿ. ನೀವು ಎಣ್ಣಿ ಹಾಕಿ ತೋರಿಸಿದ್ರೂ ಗಂಟು ಬಿಗೀ ಆತ ವಿನಾ ಬಿಚ್ಚಲಿಲ್ಲ."

ಅಪ್ಪನಿಗೆ ಸಿಟ್ಟು ಬಂತು. "ಅಲ್ಲೋ ಡಾಕ್ಟರಾ, ಪೊಲೀಸರು ಮಂದಿ ಬೆನ್ನ ಹತ್ತೂದು ಸುಳ್ಳೇನು? ಆಚೀ ಓಣ್ಯಾಗ ಮನಿ ಹೊಕ್ಕು ಕಣಜ ಸೈತ ಚೆಲ್ಯಾರ!"

"ಸುಳ್ಳಲ್ರಿ. ಅದಕ್ಕ ಇದು ಬ್ಯಾನಿ ಅಂತ ಯಾರಿಗೂ ತಿಳೀಲಿಲ್ಲ. ಮುಂಜಾನೆ ಸೂರ್ಯಾ ಪಶ್ಚಿಮಕ್ಕ ಹುಟ್ಟತಾನ ಅಂದಿದ್ರ ಎಲ್ಲಾರೂ ಬ್ಯಾನಿ ಅಂತಿದ್ರಿ. ಡಿಲ್ಯೂಷನ್ ಅಂದ್ರ ಆಗಲಾರದ್ದ ಇರಬೇಕಂತಿಲ್ಲ. ನಾಳೆ ಪೊಲೀಸರು ಖರೇನ ಬಂದು ಇವರನ್ನ ಹಿಡದ್ರೂ ಇದು ಬ್ಯಾನೀನ. ಯಾಕಂದ್ರ ಇವರಿಗೆ ಪೊಲೀಸರು ಗೊತ್ತಾಗಿದ್ದು ಪೊಲೀಸರನ್ನ ನೋಡಿ ಅಲ್ಲ, ಗಡಗಡಿ ಕೇಳಿ. ಎರಡೂ ಕೂಡಿ ಬಂದಾವು. ಸ್ಕಿಝೋಫ್ರೇನಿಯಾ ಅಂತಾರ. ಧಾರವಾಡದ ದವಾಖಾನಿಗೆ ಒಯ್ಯೂಣು."

"ಹುಚ್ಚರ ದವಾಖಾನಿಗೆ? ಸರಕಾರದವರ ಕೈಯಾಗ? ದೇಶಭಕ್ತನ್ನ ಹುಚ್ಚ ಅಂತ ಹಿಡದು ಕೊಟ್ಟ ಅಂತ ನನ್ನ ಹೆಸರಿಗೆ ಉಗಳಸ್ತಿಯೇನು?"

ಮಾವ, "ಆತು. ಸವಣೂರಿಗೆ ಒಯ್ಯಿರಿ. ಅಲ್ಲಿ ಹೋದ ಮ್ಯಾಲೆ ಅಂಜಿಕಿ ಇಳೀತಂದ್ರ ನಂದ ತಪ್ಪು, ನಿಮ್ಮ ಕಾಲ ಬೀಳ್ತೇನಿ. ಇಳೀಲಿಲ್ಲಂದ್ರ ನನ್ನ ಕಡೆ ಕಳಸಬೇಕು" ಎಂದ.

ಸವಣೂರು ಆಗ ನವಾಬರ ಸಂಸ್ಥಾನ. ನಾಲ್ಕೂ ಕಡೆ ಬ್ರಿಟಿಷ್ ಮುಲುಕು, ನಡುವೆ ಆ ಒಂದು ತುಂಡು ನೆಲ. ನಮ್ಮ ಕಡೆಯ ಪೊಲೀಸರು ಅಲ್ಲಿಗೆ ಸೀದಾ ನುಗ್ಗುವ ಹಾಗಿರಲಿಲ್ಲ ಅಂತ ಜನರ ಭರವಸೆ. ಗಡಿಯ ಕಲ್ಲು ದಾಟಿದರೆ ಭೂಗತರು ಗಾಡಿಯಿಂದ ಇಳಿದು ಮೈ ಮುರಿದು ಒಂದು ಬೀಡಿ ಸೇದುತ್ತಿದ್ದರಂತೆ. ಗೊರಕೆಯವರು ಅಲ್ಲೇ ಬೇವಿನ ಮರದ ಕೆಳಗೆ ಅಡ್ಡಾದರೆಂದು ಅಪ್ಪ ಹೇಳಿದ್ದು ನೆನಪಿದೆ. ಅಪ್ಪನಿಗೆ ಪರಿಚಯದ ಸಾಹೇಬರೊಬ್ಬರ ವೀಳ್ಯದೆಲೆ ತೋಟ ಸವಣೂರಲ್ಲಿತ್ತು. ಅಲ್ಲಿಗೆ ಹೋಗುವುದೆಂದಾಯಿತು.

ಹೆಣ್ಣುಮಕ್ಕಳಿರುವ ಗಾಡಿ ಅಂದರೆ ಯಾರೂ ಸಂಶಯ ಪಡುವುದಿಲ್ಲವೆಂದು ಅವ್ವ, ಗಂಗಕ್ಕ, ನಾನು ಒಳಗೆ ಕೂತೆವು. ನಮ್ಮ ನಡುವೆ ಕಂಬಳಿ ಹೊದ್ದ ಮಾಸ್ತರರು. ಅಪ್ಪನೇ ಗಾಡಿ ಹೊಡೆದರು. ಗಂಗಕ್ಕ ದಾರಿಯುದ್ದಕ್ಕೂ ಗಂಡನ ಕೈ ಒತ್ತಿ ಒತ್ತಿ, "ಇನ್ನ ಸ್ವಲ್ಪ ಐತ್ರಿ, ಗಡಿ ಬಂತ್ರಿ, ಅಲ್ಲಿ ಯಾರೂ ಬರೂದಿಲ್ರಿ" ಎನ್ನುತ್ತಿದ್ದಳು. ಬೇನೆ ಅಂತ ಹೇಳಿದ್ದವಳು ಅವಳೇ. ಆದರೂ ಗಡಿಯ ಆಸೆ ಅವಳಿಗೂ ಹತ್ತಿತ್ತು. ಇರಬಾರದೇಕೆ? ಅಪ್ಪನದೇ ಖರೆಯಾಗಿ, ಡಾಕ್ಟರು ತಪ್ಪಾಗಿ, ಅಂಜಿಕೆ ಎಲ್ಲ ಪೊಲೀಸರದೇ ಆಗಿಬಿಟ್ಟಿದ್ದರೆ ಎಷ್ಟು ಸುಲಭವಿತ್ತು!

ಗಡಿಯ ಕಲ್ಲು ದಾಟಿ ಅಪ್ಪ ಗಾಡಿ ನಿಲ್ಲಿಸಿದರು. "ಇಳೀರಿ ಮಾಸ್ತರ. ಹಿಂದ ನೋಡ್ರಿ, ಕಲ್ಲು ಅಲ್ಲೇ ಉಳೀತು. ಇಲ್ಲಿ ಅವರ ಕೈ ಇಲ್ಲ."

ಮಾಸ್ತರರು ಇಳಿದರು. ಎಳೆ ಬಿಸಿಲು. ದೂರದಲ್ಲಿ ಎಲೆ ತೋಟಗಳ ಹಸಿರು. ಕಲ್ಲಿನ ಆಚೆ ನೋಡಿದರು, ಈಚೆ ನೋಡಿದರು. ನಿಧಾನವಾಗಿ ಮುಖ ಅರಳಿತು. ನಕ್ಕರು ಕೂಡ. ಗಂಗಕ್ಕ ನನ್ನ ಭುಜ ಹಿಡಿದುಕೊಂಡಳು.

ಆಮೇಲೆ ಅವರ ತಲೆ ಒಂದು ಕಡೆ ವಾಲಿತು.

ಎತ್ತಿನ ಕೊರಳ ಗಂಟೆ ಕೂಡ ಸುಮ್ಮನಿತ್ತು.

"ಈಗ ಗಡಿ ದಾಟಿದ, ಅಂದ" ಎಂದರು ಮಾಸ್ತರರು. ಮೆಲ್ಲಗೆ ಕಂಬಳಿ ಎಳೆದು ಮತ್ತೆ ಹೊದ್ದುಕೊಂಡರು. "ಇಲ್ಲೂ ಅದಾರ ಗೌಡ್ರ. ಪಾಪ, ನಿಮಗೂ ಗೊತ್ತಿರಲಿಲ್ಲ ಕಾಣತೈತಿ."

ಗಂಗಕ್ಕ ದಾರಿಯ ಧೂಳಿನಲ್ಲೇ ಕೂತಳು. ಅಪ್ಪ ಬಹಳ ಹೊತ್ತು ಎತ್ತಿನ ಬೆನ್ನು ಸವರುತ್ತ ನಿಂತರು. ಕಡೆಗೆ ಅವ್ವನ ಕಡೆ ತಿರುಗದೆಯೇ, "ನಿನ್ನ ತಮ್ಮಗ ಹೇಳಿ ಕಳಸು" ಎಂದರು.

ಧಾರವಾಡದಲ್ಲಿ ಅವರನ್ನು ಇಟ್ಟುಕೊಂಡರು, ನಿದ್ದೆಯ ಔಷಧ ಕೊಟ್ಟರು. ಈಗಿನ ಹಾಗೆ ಗುಳಿಗೆಗಳು ಆಗ ಇರಲಿಲ್ಲ. ಮಾವ ಮುಚ್ಚುಮರೆ ಮಾಡದೆ ಗಂಗಕ್ಕನಿಗೆ ಹೇಳಿದ್ದ: "ಪೂರಾ ವಾಸಿ ಮಾಡೂ ಔಷಧ ಇನ್ನೂ ಬಂದಿಲ್ಲವಾ. ಆದ್ರ ನೀ ಒಂದು ನೆನಪಿಟ್ಟುಕೋ. ಅವರ ನಂಬಿಕಿ ಜೋಡಿ ವಾದ ಮಾಡಬ್ಯಾಡ, ಹೌದು ಅಂತನೂ ಅನಬ್ಯಾಡ. ಬಾಜೂಕ ಕೂಡು." ವರ್ಷದೊಳಗೆ ಮಾಸ್ತರರು ತೀರ ಸೊರಗಿ, ತೀರ ಶಾಂತರಾಗಿ ಹೊರಗೆ ಬಂದರು. ಕೆಲಸ ಹೋಗಿತ್ತು. ಗಂಗಕ್ಕನ ತವರುಮನೆ ಹಿರೇಕೆರೂರಿನಲ್ಲಿತ್ತು. ಅಲ್ಲೊಂದು ಖೋಲಿಯಲ್ಲಿ ಸಂಸಾರ ಹೂಡಿದರು. ಆಕೆ ಹಪ್ಪಳ, ಶ್ಯಾವಿಗೆ ಮಾಡಿ ಮಾರುತ್ತಿದ್ದಳು. ಅವ್ವ ಸುಗ್ಗಿಗೆ ಜೋಳ ಕಳಿಸುತ್ತಿದ್ದಳು.

ರಜೆಯಲ್ಲಿ ನಾನು ಹೋದಾಗ ಅಲ್ಲೊಂದು ವಿಚಿತ್ರ ಕಂಡೆ. ಗಂಗಕ್ಕ ಗೋಡೆಗೆ ಆತು ಕೂತು ಶ್ಯಾವಿಗೆ ಹೊಸೆಯುವಳು. ಎದುರಿನ ಗೋಡೆಗೆ ಮಾಸ್ತರರು, ತಕಲಿ ತಿರುಗಿಸುತ್ತ. ಬೀದಿಯಲ್ಲಿ ಹೂವಿನವಳು ಕೂಗಿದಳು. ಮಾಸ್ತರರು ಗಂಗಕ್ಕನ ಮುಖ ನೋಡಿದರು. ಆಕೆ ಗೋಣು ಹಾಕಿದಳು. ಅವರು ಮತ್ತೆ ನೂಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ತಲೆ ವಾಲಿತು. ಮತ್ತೆ ಗಂಗಕ್ಕನ ಮುಖ ನೋಡಿದರು. ಈ ಸಲ ಆಕೆ ಅಲುಗಾಡಲಿಲ್ಲ, ಸುಮ್ಮನೆ ಕೂತಳು. ಅವರು ಒಂದು ಉಸಿರು ಬಿಟ್ಟು, "ಹಂಗಾರ ಇಲ್ಲ" ಎಂದು ತಕಲಿ ತಿರುಗಿಸಿದರು.

"ನೀ ಆಡಸಿದ ಬುಟ್ಟಿ ಆಟ ತಂಗಿ. ಅದ ನಮಗ ಬಾಳೇವು ಆತು" ಎಂದಳು ಗಂಗಕ್ಕ. "ಖರೇ ಸಪ್ಪಳ ಆದ್ರ ನಾ ಗೋಣ ಹಾಕ್ತೇನಿ. ನಾ ಸುಮ್ಮನ ಕುಂತ್ರ ಅದು ಇಲ್ಲ ಅಂತ ಅವರಿಗೆ ಗೊತ್ತಾಗತೈತಿ. ಬಾಯಿಲೆ ಹೇಳಿದ್ರ ಆಗೂದಿಲ್ಲ, ಅದೂ ಆ ಮಾತಾಡಾಂವನ ದನಿ ಇರಬೇಕು ಅಂತಾರ. ಕಣ್ಣಿಗೆ ಕಾಣಬೇಕು."

ಇಲ್ಲದ ಧ್ವನಿಗೆ ಹೀಗೆ ಒಂದು ದಾರಿ ಸಿಕ್ಕಿತು. ಅದು ಹೋಗಲಿಲ್ಲ, ಆದರೆ ತನ್ನ ಜಾಗದಲ್ಲಿ ಕೂತಿತು. ನಂಬಿಕೆಗೆ ಮಾತ್ರ ಯಾವ ಗೋಣೂ ಉತ್ತರವಾಗಲಿಲ್ಲ. ಕನ್ನಡದಲ್ಲಿ ನಾವು ಎರಡಕ್ಕೂ ಭ್ರಮೆ ಅಂದುಬಿಡುತ್ತೇವೆ. ಆ ಖೋಲಿಯಲ್ಲಿ ಒಂದು ಮಧ್ಯಾಹ್ನ ಕೂತವರು ಇನ್ನೊಮ್ಮೆ ಹಾಗೆ ಅನ್ನಲಾರರು.

ಸ್ವಾತಂತ್ರ್ಯ ಬಂದ ದಿನದ ಸಂಗತಿ ಗಂಗಕ್ಕನೇ ಹೇಳಿದ್ದು. ಊರವರು ಹಾರ ತಂದು ಬಾಗಿಲಲ್ಲಿ ನಿಂತರಂತೆ, ಝೇಂಡಾ ಏರಿಸಲು ಮಾಸ್ತರರೇ ಬೇಕೆಂದು. ಅವರು ಬಾಗಿಲ ಹಿಂದೆ ಅಡಗಿದರು. ಆಕೆ ಅವರ ಎರಡೂ ಕೈ ಹಿಡಿದು, "ಹೋದ್ರು ನೋಡ್ರಿ. ಊರೆಲ್ಲಾ ಕುಣ್ಯಾಕತ್ತೈತಿ. ನಿಮ್ಮ ಹಿಂದ ಬರೂವ್ರು ಇನ್ನ ಯಾರೂ ಉಳೀಲಿಲ್ಲ" ಎಂದಳಂತೆ. ಹೊರಗಿನ ವಾದ್ಯದ ಸಪ್ಪಳಕ್ಕೆ ಅವರು ಅವಳ ಮುಖ ನೋಡಿದರು. ಗೋಣು ಹಾಕಿದಳು. ವಾದ್ಯ ಖರೇ ಎಂದು ಒಪ್ಪಿದರು. ಜನ ಖರೇ, ಹಾರ ಖರೇ, ಝೇಂಡಾ ಖರೇ. ಎಲ್ಲ ಒಪ್ಪಿಕೊಂಡು ಅವಳ ಕಿವಿಯಲ್ಲಿ ಹೇಳಿದರಂತೆ: "ಹೋದಂಗ ಮಾಡ್ಯಾರ."

ನಾನು ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿದ್ದ ಬೇಸಿಗೆಯಲ್ಲಿ ಸುದ್ದಿ ಬಂತು. ಮಾಸ್ತರರದಲ್ಲ, ಗಂಗಕ್ಕನದು. ಯಾವುದೋ ಜ್ವರ, ನಾಲ್ಕೈದು ದಿನದಲ್ಲಿ ಮುಗಿದಿತ್ತು. ಅವ್ವ, ನಾನು ಮೋಟಾರಿನಲ್ಲಿ ಹಿರೇಕೆರೂರು ಮುಟ್ಟುವಾಗ ಮಧ್ಯಾಹ್ನ.

ನಮ್ಮವರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಗಂಗಕ್ಕನನ್ನೂ ಅವಳ ಗೋಡೆಗೇ ಆನಿಸಿ ಕೂಡ್ರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಶ್ಯಾವಿಗೆ ಹೊಸೆಯಲು ಕೂತಾಗ ಹೇಗೆ ಕೂಡುತ್ತಿದ್ದಳೋ ಹಾಗೇ. ಸುತ್ತ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಎದುರಿನ ಗೋಡೆಗೆ ಮಾಸ್ತರರು, ಕೈಯಲ್ಲಿ ತಕಲಿ. ಯಾರ ಕಣ್ಣಲ್ಲೂ ಕಾಣದ ಸಮಾಧಾನ ಅವರ ಮುಖದಲ್ಲಿ. "ಕಲ್ಲ ಮನಶಾ, ಹೆಂಡ್ತಿ ಹೋದ್ರೂ ಒಂದು ಹನಿ ಇಲ್ಲ" ಎಂದು ಬಾಗಿಲಲ್ಲಿ ಯಾರೋ ಅಂದರು.

ನಾನು ಅವರ ಬಾಜೂಕ್ಕೆ ಹೋಗಿ ಕೂತೆ. ಅವರು ನನ್ನನ್ನು ಗುರುತಿಸಿದರು.

"ಬಂದೇನು ತಂಗಿ. ಮುಂಜಾನಿಂದ ಭಾಳ ಮಂದಿ ಅಳಾಕತ್ತಂಗ ಕೇಳಸ್ತೈತಿ. ಹೆಂಗಸರು." ಎದುರಿನ ಗೋಡೆಯ ಕಡೆ ಕಣ್ಣು ತೋರಿಸಿ ಮೆಲ್ಲಗೆ ನಕ್ಕರು. "ಆಕೀನ್ನ ನೋಡಿದ್ನಿ. ಸುಮ್ಮನ ಕುಂತಾಳ. ಹಂಗಾರ ಇಲ್ಲ."

ಅವರು ನೂಲು ಎಳೆದರು, ತಕಲಿ ಒಂದು ಸುತ್ತು ತಿರುಗಿ ನಿಂತಿತು. ಏನೋ ಅನುಮಾನ ಬಂತೋ ಏನೋ, ನನ್ನ ಕಡೆ ತಿರುಗಿದರು.

"ನಿನ್ನ ಕಿವಿ ಚಲೋ ಅದಾವು. ನಿನಗ ಕೇಳಸ್ತೈತೇನು?"

ಇಲ್ಲ ಅಂದಿದ್ದರೆ ಆ ಸಮಾಧಾನ ಇನ್ನೊಂದಿಷ್ಟು ಹೊತ್ತು ಉಳಿಯುತ್ತಿತ್ತು. ಆದರೆ ಕೇಳಿದ್ದನ್ನು ಹೇಳಬೇಕೆಂದು ನನಗೆ ಕಲಿಸಿದವರು ಅವರು.

ಬಾಯಿಂದ ಹೇಳಲಿಲ್ಲ. ಗೋಣು ಹಾಕಿದೆ.

ಅವರು ನನ್ನನ್ನು ನೋಡಿದರು. ಗಂಗಕ್ಕನನ್ನು ನೋಡಿದರು. ಹೂವು ನೋಡಿದರು, ವಿಭೂತಿ ನೋಡಿದರು. ತಕಲಿ ಕೈಯಿಂದ ಜಾರಿ ನೆಲದ ಮೇಲೆ ಉರುಳಿತು, ನೂಲು ಹರಿಯಿತು. ಮಗುವಿಗೆ ಹೇಳುವ ಹಾಗೆ, ನನಗೆ ಹೇಳಿದರು:

"ನನ್ನ ಬದ್ಲಿ ಆಕೀನ್ನ ಒಯ್ದ್ರು ನೋಡು."

ನಾನು ವಾದ ಮಾಡಲಿಲ್ಲ, ಹೌದು ಅಂತಲೂ ಅನ್ನಲಿಲ್ಲ. ಅವರ ಬಾಜೂಕ್ಕೆ ಕೂತೆ. ಅವರು ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಆ ಅಳುವನ್ನು ಪೂರ್ತಿ ಕೇಳಿದರು.

ಆ ಹುಡುಗರು ಬಂದಾಗ ಇದನ್ನೇ ಕೊಡುತ್ತೇನೆ. ಬೇಕಾದರೆ ಹಾಕಿಕೊಳ್ಳಲಿ. ಹೆಸರು ಯಾಕೆ ಬರೆದಿಲ್ಲ ಎಂದು ಕೇಳಿದರೆ, ನಮ್ಮ ಮನೆಗೆ ಅಂಜಿಕೊಂಡು ಬಂದವರ ಹೆಸರನ್ನು ನಾವು ಯಾರಿಗೂ ಹೇಳುತ್ತಿರಲಿಲ್ಲ ಎನ್ನುತ್ತೇನೆ.